ಬೆನ್ನ ಮೇಲಿನ ನೀರು

ನಾನು ಏನಾದರೂ ಸಾಮಾನು ಕೊಳ್ಳಲು ಮನೆಯಿಂದ ಹೊರಬಿದ್ದರೆ ಸಾಕು, ಮೈ ಜುಮ್ಮೆನ್ನುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಬೇರೆಯವರು ಕೊಡೆ ಕೊಂಡರೆ ಮಳೆ ಬರುತ್ತದೆ, ಅಷ್ಟೇ. ನಾನು ಕೊಂಡರೆ ಕೊಡೆ ಬಿಚ್ಚಿದ ಕೂಡಲೇ ಬಾವಲಿ ಬೀಳುತ್ತದೆ. ಹಾಗಾಗಿ ಸೈಕಲ್ ಹೊಡೆಯುವಾಗ ಬೆನ್ನಿಗೆ ಹಾಕಿಕೊಳ್ಳುವ ಒಂದು ನೀರಿನ ಚೀಲವನ್ನು ಆರಿಸಲು ಹೊರಟು ನಾನು ಏನೇನು ಕಂಡೆ ಎಂದು ಹೇಳಿದರೆ, ನನ್ನನ್ನು ಬಲ್ಲವರು ಯಾರೂ ಆಶ್ಚರ್ಯಪಡುವುದಿಲ್ಲ.

ನಾನು ವಿಜಯಪುರದ ಕಡೆಯವನು. ಮನೆ ಮುಂಬಯಿಯ ದಹಿಸರಿನಲ್ಲಿ, ಕೆಲಸ ದಾದರಿನ ಒಂದು ವಿಮಾ ಕಚೇರಿಯಲ್ಲಿ. ವಯಸ್ಸು ಐವತ್ತರ ಹತ್ತಿರ ಬಂದಾಗ ಲೋಕಲ್ ರೈಲು ಹತ್ತುವಾಗ ಮೊದಲು ಹೊಟ್ಟೆ, ಆಮೇಲೆ ನಾನು ಎನ್ನುವಂತಾಯಿತು. ನಮ್ಮ ಬಿಲ್ಡಿಂಗಿನ ಕೆಳಗಿರುವ ಉಡುಪಿ ಹೋಟೆಲಿನ ಮ್ಯಾನೇಜರು ನನಗೆ ಹಳೆಯ ಗೆಳೆಯರು. ಸಣ್ಣ ಟೈರಿನ, ಬಗ್ಗಿದ ಹ್ಯಾಂಡಲಿನ ರೋಡ್ ಸೈಕಲ್ಲಿನ ಹುಚ್ಚು ಅವರಿಗೆ. ಅವರೇ ನನಗೂ ಅದನ್ನು ಹತ್ತಿಸಿದರು.

ರಸ್ತೆಯಲ್ಲೊಂದು ಕೆರೆ

ಅದೊಂದು ಬೇಸಿಗೆಯ ಗುರುವಾರ. ನಾನು ರಜೆ ಹಾಕಿದ್ದೆ. ಘೋಡ್‌ಬಂದರ್ ರಸ್ತೆಯ ಕಡೆ ಹೋಗಿ ವಾಪಸು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಹೋಟೆಲ್ ಮ್ಯಾನೇಜರು ಮುಂದೆ ಹೋಗಿ ಕಾಣದಾಗಿದ್ದರು. ಇದ್ದಕ್ಕಿದ್ದಂತೆ ರಸ್ತೆಯಲ್ಲಿ ಒಂದು ವಾಹನವೂ ಇಲ್ಲ. ಒಂದು ಎಲೆಯೂ ಅಲುಗುತ್ತಿಲ್ಲ. ನನಗೆ ನೀರಡಿಕೆಯೂ ಆಗುತ್ತಿರಲಿಲ್ಲ. ಅದೇ ಕೆಟ್ಟ ಲಕ್ಷಣವೆಂದು ಆಮೇಲೆ ಡಾಕ್ಟರು ಹೇಳಿದರು. ಸೈಕಲ್ಲಿನ ಕಂಬಿಗೆ ಸಿಕ್ಕಿಸಿದ ಬಾಟಲಿ ಮನೆಯಿಂದ ತಂದಂತೆ ತುಂಬಿಕೊಂಡೇ ಇತ್ತು. ಅದನ್ನು ತೆಗೆಯಲು ಒಂದು ಕೈ ಬಿಡಬೇಕು, ಕೈ ಬಿಟ್ಟರೆ ಸೈಕಲ್ ಓಲಾಡುತ್ತದೆ. ಹೀಗಾಗಿ ನನಗೂ ಆ ಬಾಟಲಿಗೂ ಬರೀ ನೋಟದ ಸಂಬಂಧ.

ಮುಂದೆ ರಸ್ತೆಯ ಮೇಲೆ ಒಂದು ಕೆರೆ ಹೊಳೆಯಿತು. ದಂಡೆಯಲ್ಲಿ ಬಿಳಿ ಬಟ್ಟೆಯ ಕೆಲವರು ನನಗೆ ಬೆನ್ನು ಮಾಡಿ ನಿಂತಿದ್ದರು. ನಾನು ಹತ್ತಿರ ಹೋದಷ್ಟೂ ಅವರೂ ಕೆರೆಯೂ ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದರು. ಕೊನೆಗೆ ಅವರಲ್ಲಿ ಒಬ್ಬ ನಿಧಾನವಾಗಿ ನನ್ನ ಕಡೆ ತಿರುಗಿದ. ನೋಡಿದರೆ ನಮ್ಮ ಬ್ರಾಂಚ್ ಮ್ಯಾನೇಜರ್! ರಜೆಯ ದಿನವೂ ಬಿಡಲಿಲ್ಲವಲ್ಲ ಎಂದುಕೊಳ್ಳುತ್ತಲೇ ನಾನು ಕೆಳಗೆ ಬಿದ್ದೆ.

ಕಣ್ಣು ಬಿಟ್ಟಾಗ ಹೋಟೆಲ್ ಮ್ಯಾನೇಜರು ನನ್ನದೇ ಬಾಟಲಿಯ ನೀರನ್ನು ನನ್ನ ತಲೆಗೆ ಸುರಿಯುತ್ತಿದ್ದರು. ಮನೆಗೆ ಬಂದ ಮೇಲೆ ಧಾರವಾಡದವಳಾದ ನನ್ನ ಹೆಂಡತಿ, "ನೀರು ಇಟ್ಕೊಂಡು ನೀರಿಲ್ಲದ ಬೀಳೋದು ಅಂದ್ರ ಏನ್ರಿ? ಇನ್ನ ಮ್ಯಾಲೆ ಬಾಯಾಗ ಇಟ್ಟು ಕುಡಸಬೇಕೇನು ನಿಮಗ?" ಎಂದಳು.

"ಅದಕ್ಕೂ ವ್ಯವಸ್ಥೆ ಉಂಟು ಅಮ್ಮ," ಎಂದರು ಹೋಟೆಲ್ ಮ್ಯಾನೇಜರು. "ಬೆನ್ನಿಗೆ ಹಾಕುವ ಚೀಲ. ಒಳಗೆ ನೀರು, ಭುಜದ ಮೇಲಿಂದ ಬಾಯಿಯವರೆಗೆ ಪೈಪು. ಕೈ ಬಿಡುವುದೇ ಬೇಡ."

"ಅದು ಬರೋತನಕ ಸೈಕಲ್ ಮುಟ್ಟಂಗಿಲ್ಲ," ಎಂದು ಹೆಂಡತಿ ಬೀಗ ಹಾಕಿ ಕೀಲಿಯನ್ನು ದೇವರ ಮುಂದೆ ಇಟ್ಟಳು.

ಮರುದಿನ ಆಫೀಸಿನಲ್ಲಿ ತಮಾಷೆಗೆಂದು ಬ್ರಾಂಚ್ ಮ್ಯಾನೇಜರಿಗೆ ಹೇಳಿದೆ, "ಸರ್, ನಿನ್ನೆ ಘೋಡ್‌ಬಂದರ್ ರೋಡಿನಲ್ಲಿ ನಿಮ್ಮನ್ನ ನೋಡಿದೆ." ಹಿಂದಿನ ದಿನ ಅವರು ಜ್ವರವೆಂದು ರಜೆ ಹಾಕಿದ್ದರಂತೆ, ನನಗೆ ಗೊತ್ತಿರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಬಾಗಿಲು ಹಾಕಿದರು. "ಯಾರಿಗೂ ಹೇಳಿಲ್ಲ ತಾನೆ?" ಎಂದರು. ಅಂದಿನಿಂದ ನನಗೆ ಕೇಳಿದಾಗಲೆಲ್ಲ ರಜೆ ಸಿಗುತ್ತದೆ.

ಹಾರ ಹಾಕಿದ ಫೋಟೋ

ಹೊಸದು ಕೊಳ್ಳುವ ಮೊದಲು ಹಳೆಯದೊಂದನ್ನು ಹಾಕಿ ನೋಡುವುದು ಒಳ್ಳೆಯದು ಎಂದರು ಹೋಟೆಲ್ ಮ್ಯಾನೇಜರು. ಜೋಗೇಶ್ವರಿಯಲ್ಲಿ ಬೆಳಗಾವಿಯ ಕಡೆಯ ಒಂದು ಕುಟುಂಬದ ಹತ್ತಿರ ಅಂಥ ಚೀಲ ಸುಮ್ಮನೆ ಬಿದ್ದಿದೆಯೆಂದು ವಿಳಾಸವನ್ನೂ ಅವರೇ ತಂದರು.

ಸಂಜೆ ಹೋದೆ. ಆ ಗಲ್ಲಿಯ ಕಾರ್ಖಾನೆಗಳಿಗೆಲ್ಲ ಅಂದು ವಾರದ ರಜೆ. ಮುಚ್ಚಿದ ಶಟರುಗಳ ನಡುವೆ ಎಲ್ಲೋ ಒಂದು ಯಂತ್ರ ಮಾತ್ರ ಕಿರ್ ಕಿರ್ ಎಂದು ಒಂಟಿಯಾಗಿ ತಿರುಗುತ್ತಿತ್ತು. ಬಿಲ್ಡಿಂಗಿನ ಮೆಟ್ಟಿಲಿಗೆ ದೀಪವಿಲ್ಲ. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಒಬ್ಬ ಹೆಂಗಸು ಮೆಲ್ಲಗೆ, "ಬರ್ರಿ. ನೀವು ಬರ್ತೀರಂತ ಅವರು ಹೇಳ್ಯಾರ," ಎಂದರು.

ಒಳಗೆ ಹೋಗಿ ಕೂತೆ. ಊದುಬತ್ತಿಯ ವಾಸನೆ. ಎದುರಿನ ಗೋಡೆಯ ಮೇಲೆ ಒಬ್ಬ ದಪ್ಪ ಮೀಸೆಯವರ ಫೋಟೋ, ಅದಕ್ಕೆ ಗಂಧದ ಹಾರ. ಆ ಹೆಂಗಸು ಚೀಲವನ್ನು ತಂದು ನನ್ನ ತೊಡೆಯ ಮೇಲಿಟ್ಟು, "ಭಾಳ ಪ್ರೀತಿಲೆ ತಗೊಂಡಿದ್ರು. ಅವರದೆಲ್ಲ ಮುಗೀತಲ್ರಿ, ಇನ್ನ ಯಾರಿಗೆ ಬೇಕಿದು?" ಎಂದರು.

ನಾನು ಹಾರ ಹಾಕಿದ ಫೋಟೋ ನೋಡಿದೆ. ಎದ್ದು ಚೀಲ ಹಾಕಿಕೊಂಡೆ. ಸೈಕಲ್ ಮೇಲೆ ಕೂತವನಂತೆ ಮುಂದಕ್ಕೆ ಬಾಗಿದೆ. ಅದು ಬೆಟ್ಟ ಹತ್ತುವವರ ದೊಡ್ಡ ಚೀಲ. ಬಾಗಿದ ಕೂಡಲೇ ಬೆನ್ನಿನಿಂದ ಜಾರಿ, ಯಾರೋ ಕತ್ತಿಗೆ ಜೋತುಬಿದ್ದ ಹಾಗೆ ತಲೆಯ ಹಿಂಬದಿಗೆ ಬಂದು ಕೂತಿತು. ಆ ಭಾರದಲ್ಲೇ ಫೋಟೋದ ಕಡೆ ತಿರುಗಿ, ಕಣ್ಣು ಮುಚ್ಚಿ ಕೈಮುಗಿದೆ.

ಬೆನ್ನ ಹಿಂದಿನಿಂದ ದಪ್ಪ ದನಿಯೊಂದು ಕೇಳಿತು: "ಎದಿ ಮ್ಯಾಲಿನ ಪಟ್ಟಿ ಹಾಕ್ರಿ, ಇಲ್ಲಂದ್ರ ಹಂಗ ಜಾರತದ."

ಕಣ್ಣು ಬಿಟ್ಟೆ. ಫೋಟೋದಲ್ಲಿದ್ದ ಮೀಸೆ, ಕೈಯಲ್ಲಿ ಹಾಲಿನ ಪಾಕೀಟು ಹಿಡಿದು ಬಾಗಿಲಲ್ಲಿ ನಿಂತಿತ್ತು. ನಾನು ಸೋಫಾದ ಮೇಲೆ ಕುಸಿದೆ. ಇಬ್ಬರೂ ಸೇರಿ ನೀರು ಕುಡಿಸಿದರು. ಮುಗಿದದ್ದು ಅವರ ಸೈಕಲ್ಲಾಟವಂತೆ. ಮೊಣಕಾಲು ನೋವಿಗೆ ಡಾಕ್ಟರು ಬೇಡವೆಂದಿದ್ದರು.

"ಮತ್ತ ಆ ಹಾರ?" ಎಂದೆ.

"ರಿಟೈರ್ ಆದಾಗ ಹಾಕಿದ್ರು," ಎಂದರು ಅವರು. "ಗಂಧದ್ದು, ಒಗೀಲಿಕ್ಕೆ ಮನಸ್ಸು ಬರಲಿಲ್ಲ. ಈ ಮನ್ಯಾಗ ಗ್ವಾಡಿಗೆ ಮೊಳಿ ಇದ್ದದ್ದು ಅದೊಂದ ಜಾಗಾ."

ತಲೆಯಿಲ್ಲದವರು

ಕೊನೆಗೆ ಹೊಸದನ್ನೇ ಕೊಳ್ಳೋಣವೆಂದು ದಾದರಿನ ಒಂದು ಅಂಗಡಿಗೆ ಹೋದೆ. ಅಂಗಡಿ ಇದ್ದದ್ದು ನೆಲಮಾಳಿಗೆಯಲ್ಲಿ. ಮೇಲೆ ಮಾರ್ಕೆಟ್ಟಿನ ಗದ್ದಲ. ಮೆಟ್ಟಿಲಿಳಿದ ಕೂಡಲೇ ಕಿವಿಗೆ ಹತ್ತಿ ಇಟ್ಟಂತೆ ಎಲ್ಲ ನಿಂತುಹೋಯಿತು. ಗೋಡೆಯುದ್ದಕ್ಕೂ ತಲೆಯಿಲ್ಲದ ಬೊಂಬೆಗಳು. ಒಂದೊಂದರ ಬೆನ್ನಿಗೂ ಒಂದೊಂದು ಚೀಲ. ತಲೆ ಇರಬೇಕಾದ ಜಾಗದ ಪಕ್ಕದಿಂದ ಒಂದೊಂದು ಪೈಪು, ಇಲ್ಲದ ಬಾಯಿಗಾಗಿ ಕಾಯುತ್ತ ತೂಗಾಡುತ್ತಿತ್ತು.

ಅಲ್ಲಿದ್ದ ಹುಡುಗಿ ನನ್ನ ಹೆಸರು ಕೇಳಿ ನಕ್ಕಳು. "ಅಂಕಲ್, ಮಮ್ಮಿ ಮಂಗಳೂರು. ನನಗೆ ಕನ್ನಡ ಸಮಝ್ತದೆ, ಬೋಲ್ಲಿಕ್ಕೆ ಥೋಡಾ ಪ್ರಾಬ್ಲಮ್." ಆದರೂ ವಿಷಯ ಚೆನ್ನಾಗಿ ಹೇಳಿದಳು: ರಸ್ತೆಯ ಸೈಕಲ್ಲಿಗೆ ಬಾಗಿ ಕೂರುವುದರಿಂದ ಚೀಲ ಸಣ್ಣದಿರಬೇಕು, ಎರಡು ರೆಕ್ಕೆಯೆಲುಬುಗಳ ನಡುವೆ ಚಪ್ಪಟೆಯಾಗಿ ಮಲಗಬೇಕು, ಬೆನ್ನಿಗೆ ತಾಗುವ ಕಡೆ ಗಾಳಿಯಾಡುವ ಜಾಲರಿ ಇರಬೇಕು, ತೊಳೆಯಲು ಬಾಯಿ ಅಗಲವಿರಬೇಕು. ಖಾಲಿ ಚೀಲ ಹಾಕಿ ನೋಡಿದರೆ ಏನೂ ಗೊತ್ತಾಗದು ಎಂದು ನೀರು ತುಂಬಿಸಿಯೇ ಹಾಕಿಸಿದಳು. ಬೊಂಬೆಗಳ ಸಾಲಿನ ಕೊನೆಯಲ್ಲಿ ಒಂದು ಸೈಕಲ್ ಸ್ಟ್ಯಾಂಡಿಗೆ ಬಿಗಿದಿತ್ತು. "ಇದರ ಮೇಲೆ ಬೆಂಡ್ ಆಗಿ ಕೂತ್ಕೊಳ್ಳಿ. ಹಿಲ್ನಾ ಮತ್," ಎಂದಳು. ಅಲುಗದೆ ಕೂತೆ.

ಆಗ ದೀಪ ಹೋಯಿತು.

ಕತ್ತಲೆಂದರೆ ಕಣ್ಣ ಮುಂದಿನ ಬೆರಳು ಕಾಣದ ಕತ್ತಲೆ. ಸ್ವಲ್ಪ ಹೊತ್ತಿಗೆ ನನ್ನ ಭುಜದ ಮೇಲೆ ಒಂದು ಕೈ ಬಿತ್ತು. ತಣ್ಣನೆಯ ಕೈ. ಅದು ಪಟ್ಟಿಯ ಗುಂಟ ತಡವರಿಸುತ್ತ ಎದೆಗೆ ಬಂತು, ಬಕಲ್ ಹಿಡಿದು ಜಗ್ಗಿತು. ಪಾಪ, ಹುಡುಗಿ ಕತ್ತಲಲ್ಲೂ ಕೆಲಸ ಬಿಟ್ಟಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅಂಗಡಿಯ ಇನ್ನೊಂದು ತುದಿಯಿಂದ ಅವಳ ದನಿ ಬಂತು: "ಅಂಕಲ್, ಏಕ್ ಮಿನಿಟ್, ನಾನು ಮೀಟರ್ ಹತ್ರ ಇದ್ದೇನೆ!"

ನನ್ನ ಮೈಯ ರೋಮವೆಲ್ಲ ಎದ್ದು ನಿಂತಿತು. ಕೈ ಇನ್ನೂ ಜಗ್ಗುತ್ತಲೇ ಇತ್ತು. ಉಸಿರು ಹಿಡಿದು, ಇದ್ದ ಧೈರ್ಯವನ್ನೆಲ್ಲ ಕೂಡಿಸಿ, "ಬಸ್, ಸಾಕು!" ಎಂದೆ.

ಕೈ ಹಾಗೆಯೇ ನಿಂತಿತು. ಮಾಯವಾಯಿತು. ಧೊಪ್ಪೆಂದು ಏನೋ ಬಿದ್ದ ಸದ್ದು.

ದೀಪ ಬಂದಾಗ ವಯಸ್ಸಾದ ಗಿರಾಕಿಯೊಬ್ಬರು ನೆಲದ ಮೇಲೆ ಕೂತು ಬೆವರುತ್ತಿದ್ದರು. ಬೊಂಬೆಯ ಮೈಮೇಲಿಂದ ಚೀಲ ಬಿಚ್ಚಿ ನೋಡಲು ಹೊರಟಿದ್ದರಂತೆ. ಹುಡುಗಿಗೆ ನನ್ನ ಕಡೆ ಬೆರಳು ತೋರಿಸಿ, "ಪುತಳಾ ಬೋಲಾ! ಪುತಳಾ ಬೋಲಾ!" ಬೊಂಬೆ ಮಾತಾಡಿತು ಎನ್ನುತ್ತಿದ್ದರು.

ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ, "ಪಾಪ, ಅವರು ಹೆದರಿದ್ದರಾಗ ತಪ್ಪಿಲ್ಲ. ನಾನು ಇಷ್ಟು ವರ್ಷದಾಗ ಒಂದು ಸಲನೂ ನಿಮ್ಮ ಬಾಯಾಗ 'ಸಾಕು' ಅನ್ನೂ ಮಾತು ಕೇಳಿಲ್ಲ," ಎಂದಳು.

ಹಗುರಾಗುತ್ತ ಹೋದದ್ದು

ಆ ದಿನವೇ ನಡೆದ ಇನ್ನೊಂದು ಸಂಗತಿ. ಸೋರುತ್ತದೋ ಇಲ್ಲವೋ ಮನೆವರೆಗೂ ಪರೀಕ್ಷೆಯಾಗಲಿ ಎಂದು ಹುಡುಗಿ ಚೀಲವನ್ನು ನೀರಿನ ಸಮೇತವೇ ಕೊಟ್ಟಳು. ಬೆನ್ನಿಗೆ ಹಾಕಿಕೊಂಡು ವಿರಾರ್ ಲೋಕಲ್ ಹತ್ತಿದೆ. ಸಂಜೆಯ ವಿರಾರ್ ಲೋಕಲ್ಲಿನಲ್ಲಿ ಹಿಂದೆ ತಿರುಗುವ ಮಾತಿಲ್ಲ. ಹೇಗೆ ನಿಂತಿರುತ್ತೀರೋ ಹಾಗೆಯೇ ಬಾಂದ್ರಾ, ಅಂಧೇರಿ.

ಅಂಧೇರಿ ದಾಟಿದ ಮೇಲೆ ಬೆನ್ನು ಹಗುರಾದಂತೆನಿಸಿತು. ಭ್ರಮೆ ಎಂದುಕೊಂಡೆ. ಮಲಾಡಿಗೆ ಬರುವಾಗ ನಿಜವಾಗಿಯೂ ಹಗುರಾಗಿತ್ತು. ಸೋರುತ್ತಿದೆಯೆಂದು ಕೈ ಹಿಂದೆ ಹಾಕಿ ಮುಟ್ಟಿದೆ. ಅಂಗಿ ಒಣಗಿತ್ತು. ಚೀಲ ಒಣಗಿತ್ತು. ಒಂದು ಹನಿಯೂ ಬಿದ್ದಿಲ್ಲ, ಆದರೂ ನೀರು ಕಡಿಮೆಯಾಗುತ್ತಲೇ ಇದೆ. ಅಷ್ಟು ಜನರ ಬಿಸಿಯ ನಡುವೆಯೂ ನನ್ನ ಬೆನ್ನುಹುರಿಯಲ್ಲಿ ತಣ್ಣಗೆ ಏನೋ ಹರಿದಂತಾಯಿತು. ಆ ಕತ್ತಲಿನ ನೆಲಮಾಳಿಗೆಯಿಂದ ಏನನ್ನಾದರೂ ಹೊತ್ತು ತಂದೆನೇ?

ಬೋರಿವಲಿ ಬಂತು. ಜನ ಸಡಿಲವಾದರು. ಇಷ್ಟು ಹೊತ್ತೂ ನನ್ನ ಬೆನ್ನಿಗೆ ಅಂಟಿಕೊಂಡಿದ್ದ ಒಬ್ಬ ಹಿರಿಯರು, ನನ್ನ ಭುಜದ ಹಿಂದಕ್ಕೆ ಜೋತುಬಿದ್ದಿದ್ದ ಪೈಪನ್ನು ಬಾಯಿಂದ ತೆಗೆದು, ಕರವಸ್ತ್ರದಿಂದ ಒರೆಸಿ, ನನ್ನ ಕೈಗಿತ್ತರು. "ಥ್ಯಾಂಕ್ಯೂ ಬೇಟಾ," ಎಂದರು. ಆಮೇಲೆ ಹಿಂದಿಯಲ್ಲಿ ಕೇಳಿದರು, "ರೈಲ್ವೆಯವರು ಈ ಸೌಕರ್ಯ ಯಾವಾಗ ಶುರು ಮಾಡಿದರು?"

ಆರೇ ರಸ್ತೆ

ಕೀಲಿ ದೇವರ ಮುಂದಿನಿಂದ ಎದ್ದಿತು. ಮೊದಲ ಸವಾರಿ ಆರೇ ಕಾಲೋನಿಯ ಕಾಡಿನ ಕಡೆ. ಬೆಳಗಾಗಿತ್ತು, ಆದರೆ ಮಂಜೋ ಹೊಗೆಯೋ ತಿಳಿಯದ ಒಂದು ಬೂದು ಪರದೆ ಮರಗಳ ಮೇಲೆ ಬಿದ್ದಿತ್ತು. ಚಿರತೆ ಓಡಾಡುವ ಜಾಗ ಅದು, ಎಲ್ಲರಿಗೂ ಗೊತ್ತು. ಹೋಟೆಲ್ ಮ್ಯಾನೇಜರು ಎಂದಿನಂತೆ ಮುಂದೆ ಹೋಗಿ ಕಾಣದಾದರು.

ಆಗ ಕೇಳಿಸಿತು. ಗುಳುಂ. ಗುಳುಂ. ಸರಿಯಾಗಿ ನನ್ನ ಹಿಂದೆ.

ನಾನು ಪೆಡಲ್ ನಿಲ್ಲಿಸಿದೆ. ಅದೂ ನಿಂತಿತು, ಆದರೆ ಒಂದು ಗುಳುಂ ಹೆಚ್ಚಿಗೆ ಮಾಡಿ ನಿಂತಿತು. ನಾನು ಹೊರಟೆ. ಅದೂ ಹೊರಟಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮುಂಬಯಿಯ ಚಿರತೆಗೆ ಕನ್ನಡ ತಿಳಿಯಲಿಕ್ಕಿಲ್ಲವೆಂದು, "ಜಾ ಬಾಬಾ, ಜಾ," ಎಂದು ಮರಾಠಿಯಲ್ಲಿ ಬೇಡಿಕೊಂಡೆ. ಅದು ಇನ್ನೂ ಹತ್ತಿರ ಬಂದಂತಾಯಿತು. ಆಮೇಲೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಎಂಥ ವೇಗವೆಂದರೆ, ಜನ್ಮದಲ್ಲಿ ಮೊದಲ ಬಾರಿಗೆ ಹೋಟೆಲ್ ಮ್ಯಾನೇಜರನ್ನು ಹಿಂದೆ ಹಾಕಿದೆ.

"ಎಂತ ಆಯ್ತು ಮಾರಾಯ್ರೇ?" ಎಂದು ಅವರು ಕೂಗಿದರು.

"ಹಿಂದ! ಹಿಂದ ಬರಾಕತ್ತದ!"

ಅವರಿಗೂ ಗುಳುಂ ಕೇಳಿಸಿತು. ಮತ್ತೆ ಪ್ರಶ್ನೆ ಕೇಳದೆ ಅವರೂ ತುಳಿದರು. ಇಬ್ಬರೂ ಚಹಾದ ಗೂಡಂಗಡಿಯ ಹತ್ತಿರ ಬಂದು ಬಿದ್ದೆವು. ಉಸಿರು ಬಂದ ಮೇಲೆ ಅವರು ನನ್ನ ಬೆನ್ನಿಗೆ ಕಿವಿ ಇಟ್ಟರು. ಚೀಲವನ್ನು ಅಲುಗಿಸಿದರು. ಗುಳುಂ.

"ಇದು ಚಿರತೆ ಅಲ್ಲ, ಗಾಳಿ," ಎಂದರು. "ನೀರು ತುಂಬಿದ ಮೇಲೆ ಉಲ್ಟಾ ಹಿಡಿದು, ಪೈಪಿನಿಂದ ಒಳಗಿನ ಗಾಳಿ ಎಲ್ಲ ಎಳೀಬೇಕು. ಆಗ ಶಬ್ದ ಇಲ್ಲ."

ನಾವಿಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಅಷ್ಟರಲ್ಲಿ ಅದೇ ರಸ್ತೆಯಿಂದ ಹಾಲಿನವನೊಬ್ಬ ಮೋಟರ್‌ಸೈಕಲ್ಲಿನಲ್ಲಿ ಬಂದು, ನಮ್ಮನ್ನು ಕಂಡು ಬ್ರೇಕ್ ಹಾಕಿದ. "ಸಾಬ್, ಆಪ್ ಲೋಗ್ ಠೀಕ್ ಹೈಂ ನಾ? ಆಪ್‌ಕೇ ಪೀಛೇ ತೇಂದುವಾ ರೋಡ್ ಪೇ ಆಯಾ ಥಾ," ನಿಮ್ಮ ಹಿಂದೆಯೇ ಚಿರತೆ ರಸ್ತೆಗೆ ಬಂದಿತ್ತು ಎಂದ. ನಮ್ಮ ನಗೆ ಅಲ್ಲಿಗೇ ನಿಂತಿತು. ಆತ ಮುಂದುವರಿಸಿದ, "ಲೇಕಿನ್ ಆಪ್‌ಕೀ ಬ್ಯಾಗ್ ಕೀ ಆವಾಜ್ ಸುನ್‌ಕೇ ಡರ್ ಗಯಾ ಬೇಚಾರಾ, ಝಾಡಿ ಮೇ ಭಾಗಾ." ಪಾಪ, ಚಿರತೆ ನನ್ನ ಚೀಲದ ಸದ್ದಿಗೆ ಹೆದರಿ ಪೊದೆಗೆ ಓಡಿತಂತೆ.

ಕಟ್ಟೆಯ ಮೇಲೆ

ಚೀಲದ ಸುಖ ನೋಡಿ ಹೋಟೆಲ್ ಮ್ಯಾನೇಜರೂ ಒಂದು ಕೊಂಡರು. ಇಬ್ಬರೂ ವಸಯಿ ಕೋಟೆಯ ಕಡೆ ಹೊರಟೆವು. ಮಳೆಗಾಲ ಮುಗಿದು ಸೆಕೆ ಶುರುವಾಗಿತ್ತು. ಮಧ್ಯಾಹ್ನ, ಊರ ಹೊರಗಿನ ಒಂದು ನಿರ್ಜನ ತಿರುವಿನಲ್ಲಿ ನನ್ನ ಟೈರು ಪಂಕ್ಚರ್ ಆಯಿತು. ಅಲ್ಲಿ ಒಂದು ದೊಡ್ಡ ಮರ, ಮರದ ಕೆಳಗೆ ಉದ್ದನೆಯ ಕಲ್ಲಿನ ಕಟ್ಟೆ.

"ನೀವು ಮಾಡಿಸ್ಕೊಂಡು ಬನ್ನಿ ಮಾರಾಯ್ರೇ. ನಾನು ಸ್ವಲ್ಪ ಅಡ್ಡ ಆಗ್ತೇನೆ," ಎಂದರು ಅವರು. ನಾನು ಸೈಕಲ್ ತಳ್ಳಿಕೊಂಡು ಪೇಟೆಗೆ ಹೋದೆ.

ವಾಪಸು ಬರುವಾಗ ದೂರದಿಂದಲೇ ಮರದ ಕೆಳಗೆ ಜನ ಕಂಡರು. ತುಂಬ ಜನ. ಆದರೆ ಒಬ್ಬರೂ ಮಾತಾಡುತ್ತಿರಲಿಲ್ಲ. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಮುದುಕರು ಟೋಪಿ ತೆಗೆದಿದ್ದರು. ಒಬ್ಬ ಪೊಲೀಸ್ ಪೇದೆ ಲಾಠಿ ಕಂಕುಳಲ್ಲಿಟ್ಟು ತಲೆ ತಗ್ಗಿಸಿ ನಿಂತಿದ್ದ. ಮರಕ್ಕೆ ಒರಗಿಸಿದ್ದ ಸೈಕಲ್ಲು ನನಗೆ ಗೊತ್ತಿದ್ದ ಸೈಕಲ್ಲು.

ಕಟ್ಟೆಯ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಮುಚ್ಚಿದ ಒಂದು ದೇಹ. ಬಟ್ಟೆಯ ಪಕ್ಕೆಯಲ್ಲಿ ಅಗಲವಾದ ಕೆಂಪು ಕಲೆ. ಕಟ್ಟೆಯ ಅಂಚಿನಿಂದ ಕೆಂಪು ಹನಿ ತೊಟ್, ತೊಟ್ ಎಂದು ಮಣ್ಣಿಗೆ ಬೀಳುತ್ತಿತ್ತು.

ನನ್ನ ಸೈಕಲ್ ಕೈಯಿಂದ ಜಾರಿತು. "ಓಳಖೀಚಾ ಆಹೇ ಕಾ?" ಗುರುತಿನವರೇ ಎಂದು ಪೇದೆ ಕೇಳಿದ. ತಲೆಯಾಡಿಸಿದೆ. ಬೆಳಿಗ್ಗೆ ಹೊರಡುವಾಗ ಅವರು ನನಗೆಂದು ಬಾಳೆಯೆಲೆಯಲ್ಲಿ ಕಟ್ಟಿ ತಂದ ಇಡ್ಲಿ ನೆನಪಾಯಿತು. "ನಮ್ಮವರನ್ನು ಜಾಗ್ರತೆ ಕರ್ಕೊಂಡು ಬನ್ನಿ," ಎಂದು ಕಿಟಕಿಯಿಂದ ಕೂಗಿದ ಅವರ ಹೆಂಡತಿ ನೆನಪಾದರು. ಫೋನ್ ತೆಗೆದು ಅವರ ಹೆಸರಿನ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಪಕ್ಕದ ಅಜ್ಜಿಯೊಬ್ಬಳು ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು, ಇದು ಊರಿನ ಹೆಣ ಇಳಿಸುವ ಕಟ್ಟೆ, ಮಸಣಕ್ಕೆ ಹೋಗುವ ಮೊದಲು ಇಲ್ಲೇ ಮಲಗಿಸುವುದು. ಪಾಪ, ಇವನನ್ನು ಯಾರೋ ಮಲಗಿಸಿ ಬಿಟ್ಟು ಹೋಗಿದ್ದಾರೆ.

ಪೇದೆ ಬಟ್ಟೆ ಸರಿಸಲೆಂದು ಬಾಗಿದ. ಹಾಗೇ ನಿಂತುಬಿಟ್ಟ.

ಬಟ್ಟೆಯ ಅಂಚಿನಿಂದ ಒಂದು ಪಾರದರ್ಶಕ ಪೈಪು ಹೊರಗೆ ಬಳುಕಿ ಮತ್ತೆ ಬಟ್ಟೆಯೊಳಕ್ಕೆ ಹೋಗಿತ್ತು. ಇಷ್ಟು ಹೊತ್ತು ಅದು ಖಾಲಿಯಾಗಿತ್ತು. ಈಗ ಅದರಲ್ಲಿ ಕೆಂಪು ಬಣ್ಣ ತನ್ನಷ್ಟಕ್ಕೆ ತಾನೇ ಮೆಲ್ಲಗೆ ಮೇಲೇರತೊಡಗಿತು. ಏರಿತು, ಬಳುಕು ದಾಟಿತು, ಮುಖವಿರುವ ಕಡೆ ಬಟ್ಟೆಯೊಳಗೆ ಹೋಯಿತು. ಒಳಗಿನಿಂದ ಸದ್ದು ಬಂತು: ಸುರ್‌ರ್‌ರ್.

ಅಷ್ಟು ಜನ ಎಲ್ಲಿ ಹೋದರೋ! ಚಪ್ಪಲಿಗಳು ಮಾತ್ರ ಉಳಿದವು. ಪೇದೆ ಉಳಿದದ್ದು ಧೈರ್ಯದಿಂದಲ್ಲ, ಕಾಲು ಬರಲಿಲ್ಲ.

ಬಟ್ಟೆ ಮೂಗಿನವರೆಗೆ ಇಳಿಯಿತು. ಒಂದು ಕಣ್ಣು ತೆರೆಯಿತು. "ಪಂಕ್ಚರ್ ಹಾಕಿಸಿ ಆಯ್ತಾ ಮಾರಾಯ್ರೇ?"

ಆ ಬಿಳಿ ಬಟ್ಟೆ, ಕೋಟೆಯ ಹತ್ತಿರ ಸ್ನಾನ ಮಾಡಿದ ಮೇಲೆ ಉಡಲೆಂದು ಅವರೇ ತಂದಿದ್ದ ಪಂಚೆ. ಸೊಳ್ಳೆಗೆಂದು ಹೊದ್ದುಕೊಂಡಿದ್ದರು. ಬರೀ ನೀರಿಗೆ ರುಚಿಯಿಲ್ಲವೆಂದು ಚೀಲಕ್ಕೆ ಪುನರ್ಪುಳಿಯ ಕೆಂಪು ಶರಬತ್ತು ತುಂಬಿಕೊಂಡು ಬಂದಿದ್ದರು. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ನಾನು ಅವರನ್ನು ಅಪ್ಪಿಕೊಂಡು ಅತ್ತೆ. ಅಳುತ್ತಲೇ ವಿಜಯಪುರದಲ್ಲಿ ಬೈಯಬಹುದಾದದ್ದನ್ನೆಲ್ಲ ಬೈದೆ. ಅವರು ಏನೂ ಅರ್ಥವಾಗದೆ ನನ್ನ ಬೆನ್ನು ಸವರುತ್ತಿದ್ದರು.

ಪೇದೆಗೆ ಈಗ ಜೀವ ಬಂತು. ಅಧಿಕಾರದ ದನಿಯಲ್ಲಿ, "ಹೇ ಕಾಯ ಆಹೇ?" ಎಂದ.

"ಕೋಕಂ ಶರಬತ್, ಸಾಹೇಬ್."

ಪೇದೆ ನಂಬಲಿಲ್ಲ. ಕಟ್ಟೆಯ ಮೇಲಿನ ಚೀಲವನ್ನು ಒತ್ತಿ, ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೆಕ್ಕಿದ. ಮರದ ಮರೆಯಿಂದ ಇಣುಕುತ್ತಿದ್ದ ಜನರೆಲ್ಲ ಉಸಿರು ಹಿಡಿದು ನೋಡಿದರು. ಆತ ಸ್ವಲ್ಪ ಹೊತ್ತು ಯೋಚಿಸಿ, ಗಂಭೀರವಾಗಿ, "ಮೀಠ ಕಮೀ ಆಹೇ," ಉಪ್ಪು ಕಡಿಮೆ ಎಂದು ಹೇಳಿ, ಲಾಠಿ ಬೀಸುತ್ತ ಹೊರಟುಹೋದ.

ಹೋಟೆಲ್ ಮ್ಯಾನೇಜರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಸತ್ತರೆಂದು ಊರೆಲ್ಲ ನೆರೆದದ್ದು ಈಗ ಮನಸ್ಸಿಗೆ ತಟ್ಟಿರಬೇಕು ಎಂದುಕೊಂಡು, ದಹಿಸರ್ ಹತ್ತಿರ ಬಂದಾಗ ಸಮಾಧಾನ ಹೇಳಹೋದೆ. ಅವರು ಬ್ರೇಕ್ ಹಾಕಿ ನಿಂತರು. ಕಣ್ಣು ತುಂಬಿತ್ತು.

"ಹೆಣ ಅಂದದ್ದಕ್ಕೆ ನನಗೆ ಬೇಜಾರಿಲ್ಲ ಮಾರಾಯ್ರೇ," ಎಂದರು. "ಉಪ್ಪು ಕಮ್ಮಿ ಅಂದ್ರಲ್ಲ!"